ಅಪ್‌ಡೇಟ್: ಟೊಮೆಟೊ ತಳ ಕಪ್ಪಾಗಿದ್ದು ರೋಗದಿಂದ ಅಲ್ಲ

ಕೋಲಾರದ ತೋಟದಲ್ಲಿ ಸಾಲಿನ ಕೊನೇ ಗಿಡಗಳ ಕಾಯಿ ಮಾತ್ರ ತಳದಲ್ಲಿ ಕಪ್ಪಾಗ್ತಿದೆ, ಯಾವ ಔಷಧಿ ಹೊಡೀಬೇಕು ಅಂತ ಕೇಳಿದ್ದೆ. ಔಷಧಿ ಬೇಕಾಗಿರಲೇ ಇಲ್ಲ. ‘ನಾಳೆ ತೊಳೆದರಾಯ್ತು’ ಅಂತ ಬಿಟ್ಟ ಡ್ರಿಪ್ ಫಿಲ್ಟರ್ ಕಟ್ಟಿಕೊಂಡು, ಸಾಲಿನ ಕೊನೆಗೆ ನೀರು ಸರಿಯಾಗಿ ಮುಟ್ಟುತ್ತಿರಲಿಲ್ಲ. ಫಿಲ್ಟರ್‌ಗೆ ಒಳಬರುವ, ಹೊರಹೋಗುವ ನೀರಿನ ಒತ್ತಡದ ವ್ಯತ್ಯಾಸ ಅರ್ಧ ಕೆಜಿ (ಚದರ ಸೆಂ.ಮೀ.ಗೆ) ಮುಟ್ಟಿದಾಗಲೇ ತೊಳೀಬೇಕು. ಇಲ್ಲಿ 1 ಕೆಜಿ ದಾಟಿತ್ತು. ಕ್ಯಾಲ್ಸಿಯಂ ಕಾಯಿಗೆ ಹೋಗೋದು ನೀರಿನ ಜೊತೆಗೇ. ನೀರು ಏರುಪೇರಾದರೆ ಮಣ್ಣಲ್ಲಿ ಎಷ್ಟಿದ್ದರೂ ತಳ ಕೊಳೆಯುತ್ತೆ.

ಫಿಲ್ಟರ್ ಒಳಗಿನ ಡಿಸ್ಕ್ ಬಿಚ್ಚಿ ಬ್ರಷ್‌ನಲ್ಲಿ ಉಜ್ಜಿ, ಲ್ಯಾಟರಲ್‌ಗಳ (ಸಾಲಿನುದ್ದಕ್ಕೂ ಹಾಕಿದ ಸಣ್ಣ ಪೈಪ್) ಎಂಡ್ ಕ್ಯಾಪ್ ತೆಗೆದು ನೀರು ತಿಳಿಯಾಗೋವರೆಗೂ ಹರಿಸಿದ್ದಾಯ್ತು. ಬೋರ್ ನೀರಿನಿಂದ ಪೈಪಲ್ಲಿ ಕಟ್ಟೋ ಬಿಳಿ ಸುಣ್ಣದ ಪದರ ಅಷ್ಟಕ್ಕೆ ಬಿಡಲ್ಲ: ಆಸಿಡ್‌ನಿಂದ ನೀರಿನ ಪಿಎಚ್ 4ಕ್ಕೆ ಇಳಿಸಿ, ರಾತ್ರಿಯಿಡೀ ಪೈಪಲ್ಲಿ ನಿಲ್ಲಿಸಿ, ಬೆಳಿಗ್ಗೆ ಹೊರಗೆ ಬಿಡಬೇಕು. (ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ.) ಕಪ್ಪಾದ ಕಾಯಿ ಸರಿಹೋಗಲ್ಲ, ಕಿತ್ತು ಹಾಕಿದ್ದೀವಿ. ಹೊಸ ಕಾಯಿ ಚೊಕ್ಕವಾಗಿವೆ.