ಅಪ್‌ಡೇಟ್: ಅಟ್ಟದ ಮೇಲೆ ಸಿಕ್ಕ ಆ ಎರಡು ಚಿತ್ರಗಳು

ಹೋದ ತಿಂಗಳು ಕೇಳಿದ್ದೆನಲ್ಲ, ತುಮಕೂರಿನ ನಮ್ಮ ಹಳೇ ಮನೆಯಲ್ಲಿ ಸಿಕ್ಕ ಡಾನ್ ಕ್ವಿಕ್ಸೋಟನ (ಸ್ಪ್ಯಾನಿಷ್ ಕಾದಂಬರಿಯ ನಾಯಕ) ಚಿತ್ರಗಳು ನಿಜವಾದ ಮರದ ಕೆತ್ತನೆಯ ಅಚ್ಚೋ, ಸುಮ್ನೆ ಈಚಿನ ನಕಲೋ ಅಂತ. ಭೂತಗನ್ನಡಿ ಹಿಡಿದು ನೋಡಿ ಎಂದಿದ್ದಿರಿ. ನೋಡಿದೆ. ಈಚಿನ ನಕಲಾದರೆ ಸಾಮಾನ್ಯವಾಗಿ ಸಣ್ಣ ಚುಕ್ಕಿಗಳು ಕಾಣುತ್ತವಂತೆ. ಇದರಲ್ಲಿ ಚುಕ್ಕಿಗಳೇ ಇಲ್ಲ, ಬರೀ ಗೆರೆ. ಕುದುರೆಯ ಹೊಟ್ಟೆಯ ಕೆಳಗಿನ ನೆರಳೂ ಗೆರೆಗಳೇ!

ಎಡ ಮೂಲೆಯಲ್ಲಿ ಡೊರೆ ಅಂತಿದೆ, ಬಲಕ್ಕೆ ಪಿಸಾನ್. ಈ ಪಿಸಾನ್ ಯಾರಪ್ಪಾ ಅಂತ ತಲೆ ಕೆಡಿಸಿಕೊಂಡಿದ್ದೆ. ಕೆತ್ತಿದವನೇ ಅವನು. ಫ್ರೆಂಚ್ ಕಲಾವಿದ ಗುಸ್ತಾವ್ ಡೊರೆ ಚಿತ್ರ ಬರೆದ. ಬಾಕ್ಸ್‌ವುಡ್ ಮರವನ್ನು ಅಡ್ಡ ಕೊಯ್ದ ಮುಖದ ಮೇಲೆ ಸಣ್ಣ ಉಳಿಯಿಂದ ಗೆರೆ ತೆಗೆದವನು ಪಿಸಾನ್. ಆ ಮರದ ಕಾಂಡ ಸಣ್ಣದು. ಅದಕ್ಕೇ ದೊಡ್ಡ ಚಿತ್ರಕ್ಕೆ ತುಂಡುಗಳನ್ನು ಜೋಡಿಸುತ್ತಿದ್ದರು. ನಮ್ಮದೊಂದರಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿಳಿ ಗೆರೆ ಇದೆ. ಹಾಳೆ ಹರಿದಿದೆ ಅಂದುಕೊಂಡಿದ್ದೆ, ಆ ಜೋಡಣೆಯ ಗುರುತೇ ಇರಬೇಕು.

ಆದರೆ ಡೊರೆ ಚಿತ್ರಗಳಿದ್ದ ಆ ಪುಸ್ತಕದ 1863ರ ಮೊದಲ ಮುದ್ರಣದ್ದಲ್ಲ. ಅದು ಫ್ರೆಂಚಿನದು, ನಮ್ಮದರ ಕೆಳಗೆ ಇಂಗ್ಲಿಷ್ ಸಾಲಿದೆ. ಲಕ್ಷದ ಕನಸು ಕಂಡಿದ್ದ ತಮ್ಮನ ಮುಖ ನೋಡಬೇಕಿತ್ತು.

ಹಾಳೆಯ ಹಿಂಬದಿಗೆ ಯಾರೋ ಟೇಪ್ ಹಚ್ಚಿದ್ದಾರೆ, ಕಂದು ಕಲೆ ಕೂತಿದೆ. ಕೀಳಲು ಹೋಗಿಲ್ಲ. ಬಿಸಿಲು ಬೀಳದ ಗೋಡೆಗೆ ಹಾಕಿದ್ದೇವೆ, ಅಮ್ಮನ ಕ್ಯಾಲೆಂಡರ್ ಪಕ್ಕ.