160 ಚದರ ಅಡಿ ಚಾಳ್ ಕೋಣೆಗೆ ಅಟ್ಟ ಎಲ್ಲಿ ಹಾಕಲಿ?

ಪ್ರಶ್ನೆ: ಮುಂಬೈಯಲ್ಲಿ ಇಂಟೀರಿಯರ್ ಡಿಸೈನ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಇಲ್ಲಿನ ಲಾಲ್‌ಬಾಗಿನ ಒಂದು ಚಾಳ್ (ವಠಾರದಂಥ ಕಟ್ಟಡ) ಕೋಣೆ ತೆಗೆದುಕೊಂಡಿದ್ದೇನೆ. 16×10 ಅಡಿ, ಐದು ಜನ. ಅಳತೆಗೆ ಹೋದಾಗ ಆ ಮನೆಯ ಅಜ್ಜಿ ಮಂಚದ ಕೆಳಗಿಂದ ಅಕ್ಕಿ ಡಬ್ಬ, ಹೊಲಿಗೆ ಮಷೀನು, ಮೊಮ್ಮಗನ ಹಳೇ ಪುಸ್ತಕ ಒಂದೊಂದಾಗಿ ಎಳೆದು ತೋರಿಸಿದರು. ನಾನು ಸುಮ್ನೆ ಗೋಡೆಗೆ ಮಡಚುವ ಮಂಚ ಬರೆದಿದ್ದೆ. ಆ ಸಾಮಾನೆಲ್ಲ ಎಲ್ಲಿಗೆ ಹೋಗಬೇಕು, ಅಲ್ವಾ? ಈಗ ಅಟ್ಟ ಹಾಕೋಣ ಅಂತಿದ್ದೇನೆ.

ಉತ್ತರ 1: ತಂಗಿ, ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಮರಗೆಲಸ ಮಾಡಿಸುತ್ತೇನೆ. ಅಟ್ಟದ ಕೆಳಗೆ 7 ಅಡಿ ಬಿಡು. ಫ್ಯಾನ್ ಕೊಕ್ಕೆ ಎಲ್ಲಿದೆ ಅಂತ ಮೊದಲು ನೋಡು. ಪ್ಲೈವುಡ್ ಹಾಳೆ 8×4 ಅಡಿ ಬರುತ್ತದೆ. ಅಟ್ಟದ ಅಗಲ 2 ಅಡಿ ಇಟ್ಟರೆ ಹಾಳೆ ಸರಿಯಾಗಿ ಎರಡಾಗುತ್ತದೆ, ಚೂರು ಉಳಿಯಲ್ಲ. ಇಲ್ಲಿನ ಮಳೆಗೆ ಹೊರಗೋಡೆ ಒಸರುತ್ತದೆ, ಬೀರು ಗೋಡೆಗೆ ತಾಗಿಸಬೇಡ.

ಉತ್ತರ 2: 1:20ರಲ್ಲಿ, ಅಂದರೆ ನಿಜವಾದ ಅಳತೆಯ ಇಪ್ಪತ್ತನೇ ಒಂದು ಭಾಗಕ್ಕೆ, ಕೋಣೆಯ ರಟ್ಟಿನ ಮಾದರಿ ಮಾಡಿ. ಸುಮಾರು 24×15 ಸೆಂ.ಮೀ. ಆಗುತ್ತದೆ, ಚೀಲದಲ್ಲಿ ಹಿಡಿಯುತ್ತದೆ. ಅಜ್ಜಿಗೇ ತೋರಿಸಿ.

ಪ್ರಶ್ನೆ ಕೇಳಿದವರು: ಅಣ್ಣ, ಕೊಕ್ಕೆ ಕೋಣೆಯ ನಡುವೆ ಇದೆ. ಅಟ್ಟವನ್ನು ಬಾಗಿಲ ಮೇಲಕ್ಕೆ ಸರಿಸಿದೆ. ಹೊಲಿಗೆ ಮಷೀನು ಮಾತ್ರ ಕಿಟಕಿ ಹತ್ತಿರ, ಕೆಳಗೇ ಇರಲಿ. ಅಜ್ಜಿ ದಿನಾ ಹೊಲಿಯುತ್ತಾರೆ. ಭಾನುವಾರ ಮಾದರಿ ತೆಗೆದುಕೊಂಡು ಹೋಗುತ್ತೇನೆ.