ಬಾಯಲ್ಲಿ ಹೇಳಿ ಇಮೇಲ್ ಬರೆಯಲು ಹೊರಟರೆ ಪತ್ರಗಳೇ ಕಾಣೆಯಾಗುತ್ತಿವೆ

ಪ್ರಶ್ನೆ – ಬೈಕಂಪಾಡಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಗೇರುಬೀಜ ರಫ್ತು ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ದಿನಕ್ಕೆ ನಲವತ್ತು ಐವತ್ತು ಇಮೇಲ್‌ಗಳಿಗೆ ಉತ್ತರ ಬರೆಯಬೇಕು. ಹೊರದೇಶದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ, ಕಾರ್ಖಾನೆಯ ಮೇಲ್ವಿಚಾರಕರಿಗೆ ಕನ್ನಡದಲ್ಲಿ. ಕಳೆದ ವರ್ಷದಿಂದ ಬಲಗೈಯ ಮಣಿಕಟ್ಟು ನೋಯುತ್ತಿದ್ದು, ರಾತ್ರಿ ಬೆರಳುಗಳು ಜೋಮು ಹಿಡಿಯತೊಡಗಿದಾಗ, ಟೈಪಿಂಗ್ ಆದಷ್ಟು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು. ಅದರಂತೆ ಒಂದು ಡಿಕ್ಟೇಶನ್ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಮಾತನ್ನು ಅದು ಚೆನ್ನಾಗಿಯೇ ಗುರುತಿಸುತ್ತದೆ. ಕಷ್ಟ ಬಂದಿರುವುದು ಬೇರೆ ಕಡೆಯಿಂದ.

ಮೊನ್ನೆ ಒಬ್ಬ ಖರೀದಿದಾರರ ಪತ್ರವನ್ನು ಜಿಮೇಲ್‌ನಲ್ಲಿ ತೆರೆದಿಟ್ಟುಕೊಂಡು, ಉತ್ತರ ಹೇಳಲು ಇಂಗ್ಲಿಷಿನ ‘ವಿ’ (ನಾವು) ಎಂಬ ಪದದಿಂದ ಆರಂಭಿಸಿದೆ. ಆ ಪತ್ರವೇ ಪರದೆಯಿಂದ ಹೋಯಿತು. ಇನ್ನೊಮ್ಮೆ ‘ಕ್ಯಾಶ್ಯೂ’ ಎಂದಾಗ ಹೊಸ ಪತ್ರದ ಪೆಟ್ಟಿಗೆ ತಾನಾಗಿ ತೆರೆದುಕೊಂಡು, ವಿಳಾಸ ಬರೆಯುವ ಸಾಲಿನಲ್ಲಿ ಆ ಪದದ ಮೊದಲ ಅಕ್ಷರ ಬಿಟ್ಟು ಉಳಿದ ಐದು ಅಕ್ಷರಗಳು ಬಿದ್ದಿದ್ದವು. ಇನ್‌ಬಾಕ್ಸ್‌ನಲ್ಲಿ ಎಷ್ಟು ಹುಡುಕಿದರೂ ಆ ಖರೀದಿದಾರರ ಪತ್ರ ಸಿಗುತ್ತಿಲ್ಲ. ಅದರಲ್ಲಿ ಕಂಟೇನರ್ ಸಾಗಣೆಯ ದಿನಾಂಕ ಇದ್ದುದರಿಂದ ನನಗೆ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ಇದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಮಣಿಪಾಲ

ಮೇಡಂ, ಮೊದಲು ಸಮಾಧಾನ ಮಾಡಿಕೊಳ್ಳಿ, ಪತ್ರ ಅಳಿಸಿಹೋಗಿರುವ ಸಾಧ್ಯತೆ ಬಹಳ ಕಡಿಮೆ. ನೀವು ಬರೆದ ಆ ಐದು ಅಕ್ಷರಗಳ ಸಂಗತಿಯಿಂದಲೇ ಕಾರಣ ತಿಳಿಯುತ್ತದೆ. ಜಿಮೇಲ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಎಂಬ ಸೌಲಭ್ಯವಿದ್ದು, ಅದು ಆನ್ ಆಗಿರುವಾಗ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆಯಾಗುತ್ತದೆ. ‘ಸಿ’ ಒತ್ತಿದರೆ ಹೊಸ ಪತ್ರ ತೆರೆಯುತ್ತದೆ, ‘ಆರ್’ ಒತ್ತಿದರೆ ಉತ್ತರದ ಪೆಟ್ಟಿಗೆ ಬರುತ್ತದೆ, ‘ಇ’ ಒತ್ತಿದರೆ ತೆರೆದಿರುವ ಪತ್ರ ಆರ್ಕೈವ್ ಆಗುತ್ತದೆ, ಅಂದರೆ ಅಳಿಯದೆ ಇನ್‌ಬಾಕ್ಸ್‌ನಿಂದ ಮಾತ್ರ ಸರಿಯುತ್ತದೆ. ನಿಮ್ಮ ಸಾಫ್ಟ್‌ವೇರ್ ನೀವು ಹೇಳಿದ ಪದವನ್ನು ಕೀಬೋರ್ಡಿನಲ್ಲಿ ಯಾರೋ ಸರಸರನೆ ಒತ್ತಿದಂತೆ ಅಕ್ಷರಕ್ಕೆ ಅಕ್ಷರ ಕಳುಹಿಸುತ್ತಿದೆ. ಕರ್ಸರ್ ಬರೆಯುವ ಪೆಟ್ಟಿಗೆಯೊಳಗೆ ಇದ್ದಿದ್ದರೆ ಅದು ಪದವಾಗಿಯೇ ಮೂಡುತ್ತಿತ್ತು. ಹೊರಗೆ ಇದ್ದುದರಿಂದ ‘ಕ್ಯಾಶ್ಯೂ’ವಿನ ‘ಸಿ’ ಹೊಸ ಪತ್ರವನ್ನು ತೆರೆಯಿತು, ಮಿಕ್ಕ ಐದು ಅಕ್ಷರಗಳು ವಿಳಾಸದ ಸಾಲಿಗೆ ಹೋಗಿ ಬಿದ್ದವು. ‘ವಿ’ ಎಂಬ ಎರಡಕ್ಷರದ ಪದದಲ್ಲಿ ಎರಡನೆಯದು ‘ಇ’ ಅಲ್ಲವೇ? ಹಾಗಾಗಿ ಖರೀದಿದಾರರ ಪತ್ರ ಆರ್ಕೈವ್‌ಗೆ ಹೋಗಿದೆ.

ಎಡಗಡೆಯ ಪಟ್ಟಿಯಲ್ಲಿ ‘ಮೋರ್’ ಎಂಬುದನ್ನು ಒತ್ತಿ ‘ಆಲ್ ಮೇಲ್’ ತೆರೆಯಿರಿ, ಆರ್ಕೈವ್ ಆದ ಪತ್ರಗಳು ಅಲ್ಲಿರುತ್ತವೆ. ಅಲ್ಲಿ ಸಿಗದಿದ್ದರೆ ಮಾತ್ರ ಟ್ರ್ಯಾಶ್ ನೋಡಿ, ಅಲ್ಲಿ ಪತ್ರ 30 ದಿನ ಉಳಿದಿರುತ್ತದೆ. ಅನಂತರ ಸೆಟ್ಟಿಂಗ್ಸ್‌ನ ‘ಜನರಲ್’ ಪುಟದಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಆಫ್ ಮಾಡಿ, ಪುಟದ ಕೊನೆಯಲ್ಲಿರುವ ‘ಸೇವ್ ಚೇಂಜಸ್’ ಒತ್ತಲು ಮರೆಯಬೇಡಿ. ಸಾಮಾನ್ಯವಾಗಿ ಇದು ಆಫ್ ಆಗಿಯೇ ಇರುತ್ತದೆ; ನಿಮ್ಮಲ್ಲಿ ಯಾರೋ ಹಿಂದೆ ಆನ್ ಮಾಡಿರಬೇಕು. ಅದೇ ಪುಟದಲ್ಲಿ ‘ಅನ್‌ಡು ಸೆಂಡ್’, ಅಂದರೆ ಕಳುಹಿಸಿದ ಪತ್ರವನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 5 ಸೆಕೆಂಡಿನಿಂದ 30 ಸೆಕೆಂಡಿಗೆ ಏರಿಸಿಕೊಳ್ಳಿ. ಬಾಯಲ್ಲಿ ಹೇಳಿ ಬರೆಸುವವರಿಗೆ ಈ ಅರ್ಧ ನಿಮಿಷ ಬಹಳ ದೊಡ್ಡದು.

ಇನ್ನೊಂದು ಮಾತು. ಟೈಪ್ ಮಾಡುವಾಗ ತಪ್ಪಿದರೆ ಕಾಗುಣಿತ ತಪ್ಪುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಡಿಕ್ಟೇಶನ್‌ನಲ್ಲಿ ತಪ್ಪಿದರೆ ಕಾಗುಣಿತವೆಲ್ಲ ಸರಿಯಾಗಿರುವ ಬೇರೆಯೇ ಪದ ಬಂದು ಕೂರುವುದರಿಂದ ಅದನ್ನು ಹಿಡಿಯುವುದು ಕಷ್ಟ. ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ನಮ್ಮ ಉಚ್ಚಾರಣೆಯಲ್ಲಿ ಒಂದಕ್ಕೊಂದು ತೀರ ಹತ್ತಿರ. ನಿಮ್ಮ ವ್ಯಾಪಾರದಲ್ಲಿ ಡಬ್ಲ್ಯೂ 240 ಎಂದರೆ ಗೇರುಬೀಜದ ಒಂದು ದರ್ಜೆ, ಡಬ್ಲ್ಯೂ 320 ಎಂದರೆ ಇನ್ನೊಂದು, ದರವೇ ಬೇರೆ. ಆದುದರಿಂದ ಅಂಕಿಗಳನ್ನು ಮಾತ್ರ ಎಡಗೈಯಿಂದಾದರೂ ನೀವೇ ಒತ್ತಿ, ಯಾರಿಗೆ ಎಂಬ ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿ. ವಿಳಾಸವಿಲ್ಲದ ಪತ್ರ ಎಷ್ಟು ಎಡವಟ್ಟಾದರೂ ಹೊರಗೆ ಹೋಗದು.

ಉತ್ತರ – ಉಡುಪಿ

ಮೇಲಿನವರು ಹೇಳಿದುದಕ್ಕೆ ಕನ್ನಡದ ಪತ್ರಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ 2017ರಲ್ಲಿ ಕನ್ನಡವನ್ನು ಸೇರಿಸಿತು. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ‘ಟೂಲ್ಸ್’ ಪಟ್ಟಿಯ ‘ವಾಯ್ಸ್ ಟೈಪಿಂಗ್’ನಲ್ಲಿ ಭಾಷೆಯನ್ನು ಕನ್ನಡವೆಂದು ಆರಿಸಿಕೊಂಡು ಮಾತಾಡಿದರೆ ಯೂನಿಕೋಡ್ ಕನ್ನಡವೇ ಮೂಡುತ್ತದೆ, ಅದನ್ನು ಹಾಗೆಯೇ ಇಮೇಲ್‌ಗೆ ಅಂಟಿಸಬಹುದು. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಕನ್ನಡದಲ್ಲಿ ಬಾಯಿಂದ ಹೇಳಿ ಹಾಕಿಸಲಾಗುವುದಿಲ್ಲ, ಕೈಯಿಂದಲೇ ಹಾಕಬೇಕು. ನಡುವೆ ಬೇರೆ ಟ್ಯಾಬ್‌ಗೆ ಹೋದರೆ ಮೈಕ್ ನಿಂತುಬಿಡುತ್ತದೆ ಎಂಬುದನ್ನೂ ಗಮನಿಸಿ.

ಪದ ಪದವಾಗಿ ತಡೆದು ಹೇಳಬೇಡಿ. ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಒಂದೇ ಉಸಿರಿಗೆ ಹೇಳಿದರೆ, ಹಿಂದುಮುಂದಿನ ಪದಗಳ ಸಂಬಂಧದಿಂದ ಯಂತ್ರಕ್ಕೆ ಗುರುತಿಸುವುದು ಸುಲಭವಾಗುತ್ತದೆ. ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ತುಳು, ಕೊಂಕಣಿ ಪದಗಳು ನುಸುಳುವುದು ಸಹಜ, ಆದರೆ ಅವು ಬಂದಲ್ಲೆಲ್ಲ ಅದು ಬೇರೇನನ್ನೋ ಬರೆಯುತ್ತದೆ. ತಿದ್ದುವುದಕ್ಕೆ ಕೆ. ಪಿ. ರಾವ್ ವಿನ್ಯಾಸದ ಕೀಬೋರ್ಡ್ ಇಟ್ಟುಕೊಳ್ಳಿ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಅವರು ಕನ್ನಡದ ಅಷ್ಟೂ ಅಕ್ಷರಗಳನ್ನು ಸಾಮಾನ್ಯ ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಗೆ ತಕ್ಕಂತೆ ಹೊಂದಿಸಿಕೊಟ್ಟದ್ದರಿಂದ, ಒಂದೆರಡು ಅಕ್ಷರ ತಿದ್ದಲು ಬೆರಳಿಗೆ ಹೆಚ್ಚು ಶ್ರಮವಾಗುವುದಿಲ್ಲ.

ಉತ್ತರ – ಸುರತ್ಕಲ್

ವಿಂಡೋಸ್ 11 ಇದ್ದರೆ ‘ವಾಯ್ಸ್ ಆ್ಯಕ್ಸೆಸ್’ ಅನ್ನು ಪ್ರಯತ್ನಿಸಿ. ಅದಕ್ಕೆ ಭಾರತೀಯ ಇಂಗ್ಲಿಷ್ ಬರುತ್ತದೆ, ಒಮ್ಮೆ ಭಾಷೆಯನ್ನು ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ‘ಶೋ ನಂಬರ್ಸ್’ ಎಂದರೆ ಪರದೆಯ ಮೇಲಿನ ಪ್ರತಿಯೊಂದು ಬಟನ್ನಿನ ಮೇಲೂ ಸಂಖ್ಯೆ ಮೂಡುತ್ತದೆ, ಬೇಕಾದ ಸಂಖ್ಯೆ ಹೇಳಿದರೆ ಸಾಕು, ಮೌಸ್ ಮುಟ್ಟಬೇಕಿಲ್ಲ. ಮಣಿಕಟ್ಟಿನ ನೋವಿನವರಿಗೆ ಟೈಪಿಂಗ್‌ನಷ್ಟೇ ಮೌಸ್ ಕೂಡ ಶತ್ರು. ‘ವಾಯ್ಸ್ ಶಾರ್ಟ್‌ಕಟ್’ ಮಾಡಿಕೊಂಡರೆ, ಒಂದು ಪದ ಹೇಳಿದೊಡನೆ ಕಚೇರಿಯ ಪೂರ್ತಿ ವಿಳಾಸವನ್ನೇ ಅಂಟಿಸುತ್ತದೆ. ಕಾಪು, ಹೆಬ್ರಿ, ಬ್ರಹ್ಮಾವರದಂತಹ ಹೆಸರುಗಳನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಸಲು ನನಗೆ ಒದಗಿದ್ದು ಈ ದಾರಿ ಒಂದೇ.

ಬೈಕಂಪಾಡಿ ಎಂದಿರಿ, ಹೆದ್ದಾರಿಯ ಲಾರಿಗಳ ಸದ್ದು ಇದ್ದೇ ಇರುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಮೈಕ್ ನಂಬಿ ಕೂರಬೇಡಿ. ಹೆಡ್‌ಸೆಟ್ಟಿನ ಮೈಕ್ ಬಾಯಿಗೆ ನೇರವಾಗಿರದೆ ತುಟಿಯ ಕೊನೆಯ ಪಕ್ಕದಲ್ಲಿರಲಿ, ಆಗ ಉಸಿರಿನ ಸದ್ದು ಸೇರುವುದಿಲ್ಲ. ದರದ ಮಾತುಗಳನ್ನು ಎಲ್ಲರೂ ಕೇಳುವಂತೆ ಹೇಳಬೇಕಾಗುತ್ತದೆ ಎಂಬುದನ್ನೂ ನಿಮ್ಮ ಯಜಮಾನರಿಗೆ ಮೊದಲೇ ತಿಳಿಸಿ, ಒಂದು ಮೂಲೆಯ ಕೋಣೆ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಆಲ್ ಮೇಲ್’ನಲ್ಲಿ ಪತ್ರ ಸಿಕ್ಕಿತು, ಜೊತೆಗೆ ಕಾಣೆಯಾದದ್ದೇ ನನ್ನ ಗಮನಕ್ಕೆ ಬಾರದ ಇನ್ನೆರಡು ಪತ್ರಗಳೂ ಸಿಕ್ಕವು. ಸಾಗಣೆಗೆ ಇನ್ನೂ ಒಂಬತ್ತು ದಿನ ಉಂಟು. ಶಾರ್ಟ್‌ಕಟ್ ಆಫ್ ಮಾಡಿ, ನಿನ್ನೆ ಸಂಜೆಯೇ ಖರೀದಿದಾರರಿಗೆ ಉತ್ತರವನ್ನು ಬಾಯಲ್ಲಿ ಹೇಳಿ ಬರೆಸಿದೆ. ದಿನಾಂಕ ಮತ್ತು ದರವನ್ನು ಮಾತ್ರ ಎಡಗೈಯಿಂದ ಒತ್ತಿದೆ. ಮೂಲೆಯ ಕೋಣೆಯ ವಿಚಾರವನ್ನು ಸೋಮವಾರ ಯಜಮಾನರಲ್ಲಿ ಕೇಳುತ್ತೇನೆ.